ವಾಚ್ ರಿಪೇರಿ ಪೆಟ್ಟಿಗೆ: ಮರೆವಿನ ಆರೈಕೆ ಮನೆಯಲ್ಲಿ ಸ್ವಂತ ವಸ್ತುಗಳ ಸುರಕ್ಷತೆ, ಒಂದು ಪ್ರಕರಣ

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವವರಿಗಾಗಿಯೇ ನಡೆಯುವ ಒಂದು ಆರೈಕೆ ಮನೆಯ ಪ್ರಕರಣ ಇದು. ಆಗ ನಾನು ಅಲ್ಲಿ ನರ್ಸಿಂಗ್ ಮೇಲ್ವಿಚಾರಕಿಯಾಗಿದ್ದೆ. ಯಾರ ಗುರುತೂ ಸಿಗಬಾರದು ಅಂತ ವಯಸ್ಸು, ದಿನ, ಸಂಬಂಧದಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾವು ತೆಗೆದುಕೊಂಡ ನಿರ್ಧಾರಗಳನ್ನು ಬದಲಿಸಿಲ್ಲ. ತಪ್ಪಿದ ನಿರ್ಧಾರಗಳೂ ಹಾಗೇ ಇವೆ. ಬೇರೆಯವರಿಗೆ ಉಪಯೋಗಕ್ಕೆ ಬರುವುದು ಅವೇ.

ಹಿನ್ನೆಲೆ

ಹಿರಿಯರಿಗೆ 76 ವರ್ಷ. 40 ವರ್ಷ ವಾಚು, ಗಡಿಯಾರ ರಿಪೇರಿ ಮಾಡಿ ಮನೆ ನಡೆಸಿದವರು. ಡಿಮೆನ್ಷಿಯಾದ ಒಂದು ಬಗೆಯಾದ ಆಲ್‌ಝೈಮರ್ ಕಾಯಿಲೆ ಅಂತ ಗೊತ್ತಾಗಿ 4 ವರ್ಷ ಆಗಿತ್ತು. 30 ಅಂಕದ ನೆನಪಿನ ಪರೀಕ್ಷೆಯಲ್ಲಿ 13 ಬಂದಿತ್ತು. ಮಗಳ ಮನೆಯಲ್ಲಿದ್ದರು. ರಾತ್ರಿ ಎದ್ದು ಬಾಗಿಲು ತೆಗೆದು ಹೊರಟುಬಿಡುವುದು ಶುರುವಾದ ಮೇಲೆ ಮಗಳಿಗೆ ಬೇರೆ ದಾರಿ ಕಾಣಲಿಲ್ಲ.

ಬಂದ ದಿನ ಬಟ್ಟೆಯ ಸೂಟ್‌ಕೇಸ್ ಮಗಳ ಕೈಯಲ್ಲಿತ್ತು. ಅವರ ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಅದನ್ನು ಯಾರಿಗೂ ಕೊಡಲಿಲ್ಲ. ಒಳಗೆ ಸಣ್ಣ ಸ್ಕ್ರೂಡ್ರೈವರ್‌ಗಳು, ಮೂರು ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ, ಎಣ್ಣೆಯ ಪುಟ್ಟ ಬಾಟಲಿ, ಅರ್ಧ ಬಿಚ್ಚಿದ ವಾಚುಗಳು, ಒಂದು ಡಬ್ಬಿ ತುಂಬ ಬಟನ್ ಸೆಲ್, ಅಂದರೆ ವಾಚಿಗೆ ಹಾಕುವ ಗುಂಡಗಿನ ಪುಟ್ಟ ಬ್ಯಾಟರಿ.

ನಮ್ಮಲ್ಲಿ ಒಂದು ಹಾಳೆಯ ನಿಯಮ ಇತ್ತು. ತರಬಾರದ ವಸ್ತುಗಳು: ಕತ್ತರಿ, ಸೂಜಿ, ಬ್ಲೇಡು, ಚೂಪಾದ ಉಪಕರಣ, ಸಣ್ಣ ಬಿಡಿ ಭಾಗಗಳು, ಗಾಜಿನ ಫ್ರೇಮು, ಬೆಂಕಿಕಡ್ಡಿ, ಹೀಟಿಂಗ್ ಪ್ಯಾಡ್, ಹೊರಗಿನ ಮಾತ್ರೆ, ಅಂಚು ಮಡಚಿಕೊಳ್ಳುವ ಚಾಪೆ. ಈ ನಿಯಮಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಒಂದೊಂದರ ಹಿಂದೆಯೂ ಕಾರಣ ಇದೆ. ಬಿಸಿ ಆಗುತ್ತಿದೆ ಅಂತ ಹೇಳಲು ಬಾರದವರು ಹೀಟಿಂಗ್ ಪ್ಯಾಡ್ ಮೇಲೆ ಚರ್ಮ ಸುಡುವವರೆಗೂ ಮಲಗಿರುತ್ತಾರೆ. ಹೂದಾನಿಯಲ್ಲಿ ನೀರು ಹೀರಿಕೊಳ್ಳಲು ಹಾಕುವ ಜೆಲ್ ಹರಳನ್ನು ಬಾಯಿಗೆ ಹಾಕಿಕೊಂಡರೆ ಅದು ಉಬ್ಬಿ ಗಂಟಲು ಕಟ್ಟುತ್ತದೆ. ಕಣ್ಣು ಚೆನ್ನಾಗಿದ್ದರೂ ಎದುರಿಗಿರುವುದು ಏನು ಅಂತ ಮೆದುಳಿಗೆ ಗುರುತು ಸಿಗದ ಹಂತ ಈ ಕಾಯಿಲೆಯಲ್ಲಿ ಬರುತ್ತದೆ. ಆಗ ಶಾಂಪೂ ಬಾಟಲಿ ಕುಡಿಯುವ ಬಾಟಲಿ ಆಗುತ್ತದೆ, ಸೆಲ್ ಮಾತ್ರೆ ಆಗುತ್ತದೆ.

ಹಾಗಾಗಿ ಪೆಟ್ಟಿಗೆಯ ಬಗ್ಗೆ ನಾವು ಎರಡನೇ ಸಲ ಯೋಚಿಸಲೇ ಇಲ್ಲ. ಮಗಳು ಹೊರಟ ಮೇಲೆ ಒಬ್ಬರು ಅವರನ್ನು ಊಟಕ್ಕೆ ಕರೆದರು. ಇನ್ನೊಬ್ಬರು ಪೆಟ್ಟಿಗೆ ಎತ್ತಿಕೊಂಡು ಹೋಗಿ ಆಫೀಸಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಎರಡು ದಿನದಲ್ಲಿ ಮರೆತುಬಿಡುತ್ತಾರೆ ಅಂತ ನಾನೇ ಹೇಳಿದ್ದೆ.

ಮೊದಲ ಹನ್ನೆರಡು ದಿನ

ಅವರು ಮರೆಯಲಿಲ್ಲ. ಮಧ್ಯಾಹ್ನ ಏನು ತಿಂದೆ ಅನ್ನುವುದು ಮರೆತರು, ನನ್ನ ಹೆಸರು ದಿನಾ ಮರೆತರು, ಪೆಟ್ಟಿಗೆ ಮರೆಯಲಿಲ್ಲ. ಮೂರನೇ ದಿನ ಕಾರಿಡಾರಿನಲ್ಲಿ ನಿಂತು, ‘ನನ್ನ ಪೆಟ್ಟಿಗೆ ಯಾರೋ ಕದ್ದಿದ್ದಾರೆ’ ಅಂದರು. ಆಮೇಲೆ ಅದು ನಿತ್ಯದ ಮಾತಾಯಿತು. ಸಂಜೆ ನಾಲ್ಕರಿಂದ ಆರರವರೆಗೆ ಜಾಸ್ತಿ. ಡಿಮೆನ್ಷಿಯಾ ಇರುವ ಅನೇಕರಿಗೆ ಹೊತ್ತು ಇಳಿಯುವಾಗ ತಳಮಳ ಏರುತ್ತದೆ. ಇವರಿಗೂ ಹಾಗೇ. ಆದರೆ ಆ ಹೊತ್ತು ಅಂಗಡಿಯಲ್ಲಿ ಗಿರಾಕಿಗಳು ಬರುವ ಹೊತ್ತೂ ಆಗಿತ್ತು ಅಂತ ಮಗಳು ಹೇಳಿದ್ದು ಬಹಳ ತಡವಾಗಿ. ನಾವು ಕೇಳಿಯೇ ಇರಲಿಲ್ಲ.

ಫೈಲಿನಲ್ಲಿ ನಮ್ಮ ಸಿಬ್ಬಂದಿ ಬರೆದಿದ್ದು: ‘ಕಳ್ಳತನದ ಭ್ರಮೆ. ದಿನಕ್ಕೆ ನಾಲ್ಕೈದು ಸಲ.’ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಈ ಕಾಯಿಲೆಯಲ್ಲಿ ತುಂಬಾ ಸಾಮಾನ್ಯವಾಗಿ ಕಾಣುವ ಭ್ರಮೆಯೇ ಅದು. ವಸ್ತು ಬಚ್ಚಿಡುವುದು, ಹುಡುಕಾಡುವುದು ಈ ಕಾಯಿಲೆಯ ಮೊದಲ ದಾಖಲೆಯಲ್ಲೇ ಇದೆ. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದ ಆಗಸ್ಟೆ ಡೀಟರ್ ಅನ್ನುವ ಮಹಿಳೆಯ ಬಗ್ಗೆ ಡಾಕ್ಟರ್ ಅಲೋಯ್ಸ್ ಆಲ್‌ಝೈಮರ್ 1907ರಲ್ಲಿ ಬರೆದ ಪುಟ್ಟ ವರದಿಯಲ್ಲಿ, ಆಕೆ ಮನೆಯ ವಸ್ತುಗಳನ್ನು ಅತ್ತಿಂದಿತ್ತ ಹೊತ್ತು ಬಚ್ಚಿಡುತ್ತಿದ್ದರು ಅಂತ ಇದೆ. ಅದನ್ನೆಲ್ಲ ಓದಿಕೊಂಡವರು ನಾವು. ಓದಿದ್ದು ಕಣ್ಣಿಗೆ ಕಂಡಿತು. ಎದುರಿಗಿದ್ದದ್ದು ಕಾಣಲಿಲ್ಲ.

ಹತ್ತನೇ ದಿನದ ಹೊತ್ತಿಗೆ ಬೇರೆ ಬೇರೆ ಕೋಣೆಗಳಿಂದ ನಾಲ್ಕು ಟೇಬಲ್ ಗಡಿಯಾರ ಕಾಣೆಯಾದವು. ಎಲ್ಲವೂ ಇವರ ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ನಿಂತಿದ್ದವು. ವಾಪಸ್ ತೆಗೆದುಕೊಳ್ಳಲು ಹೋದರೆ ಗಾಬರಿಯೂ ಇಲ್ಲ, ಮುಚ್ಚುಮರೆಯೂ ಇಲ್ಲ. ‘ನಾಳೆ ಬನ್ನಿ, ರೆಡಿ ಇರುತ್ತೆ’ ಅಂದರು. ನಾವು ಅದನ್ನೂ ‘ಬೇರೆಯವರ ವಸ್ತು ತೆಗೆಯುವ ವರ್ತನೆ’ ಅಂತ ಬರೆದೆವು. ಮನಸ್ಸು ಶಾಂತವಾಗಿಸುವ ಔಷಧಿ ಶುರು ಮಾಡೋಣವೇ ಅಂತ ಡಾಕ್ಟರ ಜೊತೆ ಮಾತೂ ಆಯಿತು. ಭ್ರಮೆಗೆ ಕೊಡುವ ಇಂಥ ಔಷಧಿಗಳು ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ. ಒಂದು ವಾರ ನೋಡಿ ತೀರ್ಮಾನ ಮಾಡೋಣ ಅಂದರು ಡಾಕ್ಟರು. ಆ ಒಂದು ವಾರಕ್ಕೆ ನಾನು ಇವತ್ತಿಗೂ ಋಣಿ.

ಆ ಸಂಜೆ

ಹನ್ನೆರಡನೇ ದಿನ, ಐದು ಗಂಟೆ ಸುಮಾರು. ಹಾಲಿನ ಮೂಲೆಯಲ್ಲಿ ಇವರು ಮತ್ತು ಪಕ್ಕದ ಕೋಣೆಯ ಅಮ್ಮ ಒಂದೇ ಸೋಫಾ ಮೇಲೆ ಕೂತಿದ್ದರು. ಆ ಅಮ್ಮನಿಗೆ ಕಾಯಿಲೆ ಇನ್ನೂ ಮುಂದುವರಿದಿತ್ತು, ಮಾತು ಹೆಚ್ಚುಕಡಿಮೆ ನಿಂತಿತ್ತು. ನುಂಗುವುದೂ ಕಷ್ಟವಾಗಿತ್ತು. ಇವರ ಅಂಗೈಯಲ್ಲಿ ಅಮ್ಮನ ಕಿವಿ ಮಿಷನ್. ಉಗುರಿನಿಂದ ಅದರ ಪುಟ್ಟ ಬಾಗಿಲು ಬಿಡಿಸಿದ್ದರು. ಸೆಲ್ ಇರಲಿಲ್ಲ. ಅಮ್ಮನ ಬಾಯಿ ಏನೋ ಅಗಿಯುವ ಹಾಗೆ ಆಡುತ್ತಿತ್ತು.

ಬಾಯಿ ನೋಡಿದೆವು, ಖಾಲಿ. ಸೋಫಾ ಸಂದು, ನೆಲ, ಸೀರೆಯ ನೆರಿಗೆ, ಎಲ್ಲೂ ಇಲ್ಲ. ಹುಡುಕುತ್ತಾ ಕೂರುವಂತಿರಲಿಲ್ಲ. ಬಟನ್ ಸೆಲ್ ಗಂಟಲಿನ ಕೆಳಗೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆ ಒಳಪದರದ ಮೂಲಕವೇ ವಿದ್ಯುತ್ ಹರಿದು ಅಲ್ಲಿ ಕ್ಷಾರ ಹುಟ್ಟುತ್ತದೆ, ಒಳಗೆ ಸುಡುತ್ತದೆ. ಎರಡು ಗಂಟೆಯಲ್ಲೇ ಗಂಭೀರ ಗಾಯ ಆಗಬಹುದು. ರಿಮೋಟು, ತೂಕದ ಯಂತ್ರಗಳಲ್ಲಿರುವ 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಲಿಥಿಯಂ ಸೆಲ್ ಇವುಗಳಲ್ಲೆಲ್ಲ ಹೆಚ್ಚು ಅಪಾಯದ್ದು. ಕಿವಿ ಮಿಷನ್ನಿನ ಸೆಲ್ ಹೆಚ್ಚಾಗಿ ಅದರ ಅರ್ಧದಷ್ಟೂ ಇರುವುದಿಲ್ಲ. ಸಾಮಾನ್ಯವಾಗಿ ಹೊಟ್ಟೆ ದಾಟಿ ಹೋಗುತ್ತದೆ. ಆದರೆ ನುಂಗಲು ಕಷ್ಟ ಇರುವವರಲ್ಲಿ ಹಾಗೆ ಅಂದುಕೊಂಡು ಸುಮ್ನೆ ಕೂರಲು ಆಗುವುದಿಲ್ಲ. ವಾಂತಿ ಮಾಡಿಸಬಾರದು, ಎಕ್ಸ್‌ರೇ ಆಗಲೇಬೇಕು. ಇಪ್ಪತ್ತು ನಿಮಿಷದಲ್ಲಿ ಅಮ್ಮನನ್ನು ಆಸ್ಪತ್ರೆಗೆ ಕಳಿಸಿದೆವು.

ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಆ ಫೋನ್ ಬಂದ ಮೇಲೆ ನನ್ನ ಕೈ ನಡುಗಲು ಶುರುವಾಯಿತು. ಅಲ್ಲಿಯವರೆಗೆ ನಡುಗಿರಲಿಲ್ಲ.

ರಾತ್ರಿ ಹಿರಿಯರ ಬಟ್ಟೆ ಬದಲಿಸುವಾಗ ಸೆಲ್ ಸಿಕ್ಕಿತು. ಅಂಗಿಯ ಎಡ ಜೇಬಿನಲ್ಲಿ ಕರವಸ್ತ್ರ, ನಾಲ್ಕು ಮಡಿಕೆ. ಮಡಿಕೆಯ ನಡುವೆ ಸೆಲ್ಲು, ಪಕ್ಕದಲ್ಲಿ ಕಿವಿ ಮಿಷನ್ನಿನ ಒಂದು ಚೂರು ಪ್ಲಾಸ್ಟಿಕ್. ಬಿಡಿ ಭಾಗ ಕಳೆದುಹೋಗದ ಹಾಗೆ ಎತ್ತಿಟ್ಟಿದ್ದರು.

ಮಗಳು ಕೇಳಿದ ಪ್ರಶ್ನೆ

ಮರುದಿನ ಎರಡೂ ಕುಟುಂಬದವರನ್ನು ಬೇರೆ ಬೇರೆಯಾಗಿ ಕರೆದು ನಡೆದದ್ದನ್ನೆಲ್ಲ ಹೇಳಿದೆವು. ಅಮ್ಮನ ಮನೆಯವರು ಕೋಪಗೊಂಡರು. ಆ ಕೋಪ ನ್ಯಾಯವಾದದ್ದೇ. ಹಿರಿಯರ ಮಗಳು ಫೈಲ್ ನೋಡಬೇಕು ಅಂದರು. ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟರು.

‘ಕಳ್ಳತನದ ಭ್ರಮೆ ಅಂತ ಬರೆದಿದ್ದೀರಿ. ಪೆಟ್ಟಿಗೆ ತಗೊಂಡಿದ್ದು ನೀವೇ ಅಲ್ವಾ?’

ಕೋಣೆಯಲ್ಲಿದ್ದ ನಾಲ್ಕು ಜನರಲ್ಲಿ ಯಾರಿಗೂ ಉತ್ತರ ಇರಲಿಲ್ಲ. ಹೇಳದೆ ಒಯ್ದರು ಅಂತ ಹಿರಿಯರು ಅಂದಿದ್ದು ನಿಜ. ಯಾರೋ ಬೀಗ ಹಾಕಿಟ್ಟಿದ್ದಾರೆ ಅಂತ ಒಂದು ಸಂಜೆ ಅಂದಿದ್ದೂ ನಿಜ. ಹನ್ನೆರಡು ದಿನ ಒಬ್ಬ ಮನುಷ್ಯ ನಿಜ ಹೇಳಿದರು, ನಾವು ಅದನ್ನು ರೋಗಲಕ್ಷಣ ಅಂತ ಬರೆದುಕೊಂಡೆವು, ಅದಕ್ಕೆ ಔಷಧಿ ಹುಡುಕಿದೆವು. ಫೈಲಿನಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಕೆಳಗೆ ತಿದ್ದುಪಡಿ ಬರೆದು ನಾನು ಸಹಿ ಮಾಡಿದೆ: ‘ಪೆಟ್ಟಿಗೆಯನ್ನು ಸಂಸ್ಥೆಯೇ ತೆಗೆದಿಟ್ಟಿತ್ತು. ದೂರು ಸರಿ.’

ಈ ಪ್ರಕರಣದ ತಿರುವು ಅಲ್ಲಿದೆ. ಸೆಲ್ ಕಾಣೆಯಾದ ಸಂಜೆ ನಮ್ಮನ್ನು ಹೆದರಿಸಿತು, ಅಷ್ಟೇ. ಹೆದರಿದವರು ಇನ್ನಷ್ಟು ಬೀಗ ಹಾಕುತ್ತಾರೆ. ಆ ರಾತ್ರಿ ನಾನೂ ಅದನ್ನೇ ಯೋಚಿಸುತ್ತಿದ್ದೆ. ಮಗಳ ಪ್ರಶ್ನೆ ಬಂದ ಮೇಲೆ ಬೇರೆ ಲೆಕ್ಕ ಶುರುವಾಯಿತು. ಪೆಟ್ಟಿಗೆಯನ್ನು ಅಪಾಯ ಅಂತ ತೆಗೆದೆವು. ಕೆಲಸವಿಲ್ಲದ ಆ ಕೈಗಳು ಮನೆಯಿಡೀ ಕೆಲಸ ಹುಡುಕಿದವು. ಪೆಟ್ಟಿಗೆಯಲ್ಲಿ ಇದ್ದ ಅಪಾಯ ಒಂದು ಮೇಜಿನ ಮೇಲಿತ್ತು. ಅದನ್ನು ಎಲ್ಲರ ಕೋಣೆಗೂ ಹಂಚಿದವರು ನಾವು.

ಪ್ರಯತ್ನಿಸಿದ್ದು, ತಪ್ಪಿದ್ದು

ಮೊದಲು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ದಾರಿ ಹಿಡಿದೆವು. ಒಳಗಿನದೆಲ್ಲ ತೆಗೆದು ಖಾಲಿ ಪೆಟ್ಟಿಗೆ ಕೊಟ್ಟೆವು. ಅವರು ಎರಡೂ ಕೈಯಲ್ಲಿ ಎತ್ತಿದರು, ಒಮ್ಮೆ ಮೆಲ್ಲಗೆ ಅಲ್ಲಾಡಿಸಿದರು, ಮುಚ್ಚಳ ತೆಗೆದೂ ನೋಡದೆ ಕೆಳಗಿಟ್ಟರು. ‘ಇದು ನಂದಲ್ಲ.’

ಆಮೇಲೆ ಕೇಳಿದಾಗ ಕೊಡುವುದು, ಒಬ್ಬರು ಎದುರು ಕೂತು ಕಾಯುವುದು, ಅರ್ಧ ಗಂಟೆಗೆ ವಾಪಸ್ ಪಡೆಯುವುದು ಅಂತ ಮಾಡಿದೆವು. ಕೊಡುವಾಗ ಸಂತೋಷ, ವಾಪಸ್ ಕೇಳುವಾಗ ಜಗಳ. ಐದು ದಿನ ನಡೆಯಿತು. ಕಾಯಲು ಕೂತವರ ಕಣ್ಣು ಅವರ ಕೈ ಮೇಲೇ ಇರುತ್ತಿತ್ತು. ಅವರಿಗೆ ಅದು ಗೊತ್ತಾಗುತ್ತಿತ್ತು. ಯಾವ ಕುಶಲಕರ್ಮಿಗೆ ಅದು ಹಿಡಿಸುತ್ತದೆ ಹೇಳಿ?

ಮೂರನೆಯದಕ್ಕೆ ಬರುವ ಹೊತ್ತಿಗೆ ಮಗಳು, ಡಾಕ್ಟರು, ರಾತ್ರಿ ಪಾಳಿಯ ಒಬ್ಬ ಆರೈಕೆದಾರ್ತಿ, ನಾನು ಒಂದೇ ಮೇಜಿನ ಸುತ್ತ ಕೂತೆವು. ಪೆಟ್ಟಿಗೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದೆವು. 41 ವಸ್ತು. ‘ಚೂಪಾದದ್ದು’, ‘ಸಣ್ಣದ್ದು’ ಅನ್ನುವ ಪದಗಳನ್ನು ಬದಿಗಿಟ್ಟು ಒಂದೊಂದನ್ನೇ ಎತ್ತಿ ಕೇಳಿದೆವು: ಇದರಿಂದ ಆಗಬಹುದಾದ ಕೆಟ್ಟದ್ದು ಏನು? ಅದು ಆಗುವುದು ಯಾರಿಗೆ, ಇವರಿಗೋ ಪಕ್ಕದವರಿಗೋ? ಇದು ಇಲ್ಲದಿದ್ದರೆ ಇವರ ಕೆಲಸ ನಿಲ್ಲುತ್ತದೆಯೇ?

ಬಟನ್ ಸೆಲ್ ಡಬ್ಬಿ ಮಾತೇ ಇಲ್ಲದೆ ಹೊರಗೆ ಹೋಯಿತು. ಸೆಲ್ ಹಾಕುವ ವಾಚುಗಳೂ ಹೋದವು. ಪುರ್ಜೆ ತೊಳೆಯುವ ದ್ರವ ಪೆಟ್ರೋಲ್ ವಾಸನೆ ಬರುತ್ತಿತ್ತು, ಬೇಗ ಬೆಂಕಿ ಹಿಡಿಯುವಂಥದ್ದು, ಹೋಯಿತು. ಕತ್ತಲಲ್ಲಿ ಹೊಳೆಯುವ ಮುಳ್ಳಿನ ಒಂದು ಹಳೇ ಟೈಂಪೀಸ್ ಇತ್ತು. 1960ರ ದಶಕದವರೆಗೂ ಇಂಥವುಗಳ ಹೊಳಪಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದರು. ಒಣಗಿದ ಬಣ್ಣ ಪುಡಿಯಾಗಿ ಉದುರುತ್ತದೆ, ಆ ಪುಡಿಯನ್ನು ಉಸಿರಿನಲ್ಲಿ ಎಳೆದುಕೊಳ್ಳಬಾರದು. ಅದನ್ನು ಬಿಚ್ಚದೆ ಬೇರೆ ಇಟ್ಟೆವು. ಟೈಂಪೀಸಿನ ದೊಡ್ಡ ಸ್ಪ್ರಿಂಗಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಪೂರ್ತಿ ಕೀ ಕೊಟ್ಟು ಬಿಚ್ಚಿದರೆ ಸಿಡಿದು ಬೆರಳು ಸೀಳುತ್ತದೆ ಅಂತ ಮಗಳು ಹೇಳಿದರು. ಅಪ್ಪನ ಪಕ್ಕ ಕೂತು ಬೆಳೆದವರು. ಬಿಚ್ಚಲು ಕೊಡುವ ಎರಡು ಟೈಂಪೀಸುಗಳಿಂದ ಸ್ಪ್ರಿಂಗ್ ತೆಗೆಸಿದೆವು. ಕೀ ಕೊಡಲು ಮಾತ್ರ ಇನ್ನೊಂದು, ಅದರ ಹಿಂಬದಿ ತೆರೆಯದ ಹಾಗೆ ಅಂಟಿಸಿದ್ದು.

ತುಂಬ ಹೊತ್ತು ಹಿಡಿದದ್ದು ಚಿಮಟ ಮತ್ತು ಸ್ಕ್ರೂಡ್ರೈವರ್. ‘ಒಂದು ಸ್ಕ್ರೂಡ್ರೈವರ್ ಸಾಕು ಕಣ್ಣಿಗೆ ಚುಚ್ಚಲು’ ಅಂದರು ರಾತ್ರಿ ಪಾಳಿಯವರು. ಅವರ ಮಾತು ಸರಿ. ಮನೆಯಲ್ಲಿ ಒಬ್ಬರೇ ಇದ್ದರೆ ಬೇರೆ, ಇಲ್ಲಿ ಯಾರು ಯಾವ ಕೋಣೆಗೆ ಬೇಕಾದರೂ ನುಗ್ಗುತ್ತಾರೆ, ಒಬ್ಬರ ವಸ್ತು ಸಂಜೆಯೊಳಗೆ ಇನ್ನೊಬ್ಬರ ದಿಂಬಿನ ಕೆಳಗಿರುತ್ತದೆ. ಸೂಜಿಯಂಥ ಚಿಮಟ ಹೊರಗಿಟ್ಟೆವು, ದಪ್ಪ ತುದಿಯದ್ದು ಉಳಿಸಿದೆವು. ಸ್ಕ್ರೂಡ್ರೈವರ್ ನಾಲ್ಕು ಉಳಿದವು. ಪೆಟ್ಟಿಗೆ ಅವರ ಕೋಣೆಯಲ್ಲಿ ಇರುವುದಿಲ್ಲ ಅನ್ನುವುದಕ್ಕೆ ಮಗಳೂ ಒಪ್ಪಿದರು. ನರ್ಸ್ ಮೇಜಿನ ಎದುರು ಅವರಿಗೊಂದು ಸ್ವಂತ ಮೇಜು, ಬೆನ್ನಿಗೆ ಗೋಡೆ, ಪಕ್ಕದಲ್ಲಿ ಕುರ್ಚಿ ಇಲ್ಲ. ಕೂತು ಕಾಯುವವರು ಯಾರೂ ಇಲ್ಲ, ಆದರೆ ನರ್ಸ್ ಮೇಜಿನಲ್ಲಿ ಇರುವವರಿಗೆ ಅವರು ಸದಾ ಕಾಣುತ್ತಿರುತ್ತಾರೆ. ನಾಲ್ಕರಿಂದ ಆರು, ಅಂಗಡಿಯ ಹೊತ್ತು. ಉಳಿದ ಅಪಾಯ ಏನು ಅಂತ ಬರೆದು ಎಲ್ಲರೂ ಸಹಿ ಮಾಡಿದೆವು.

41ರಲ್ಲಿ 17 ಉಳಿದವು. ಲೆಕ್ಕ ಇಡುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವರು ಹಿರಿಯರೇ. ಬಟ್ಟೆಯ ಮೇಲಿದ್ದ ಉಪಕರಣಗಳನ್ನು ನೋಡಿದ ಕೂಡಲೇ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದರು. ಯಾರೂ ಹೇಳಿರಲಿಲ್ಲ. ಹೊಸ ನೆನಪು ನಿಲ್ಲದಿದ್ದರೂ ಕೈ ಕಲಿತ ಅಭ್ಯಾಸ ಈ ಕಾಯಿಲೆಯಲ್ಲಿ ಬಹಳ ಕಾಲ ಉಳಿಯುತ್ತದೆ. ಮಗಳು ದಪ್ಪ ಬಟ್ಟೆಯಲ್ಲಿ ಪ್ರತಿ ಉಪಕರಣದ ಆಕಾರ ಕತ್ತರಿಸಿ ಪೆಟ್ಟಿಗೆಯೊಳಗೆ ಕೂರಿಸಿದರು. ಆರು ಗಂಟೆಗೆ, ‘ಅಂಗಡಿ ಮುಚ್ಚೋ ಹೊತ್ತಾಯ್ತು’ ಅಂದರೆ ಸಾಕು, ಅವರೇ ಒಂದೊಂದನ್ನೂ ಅದರ ಜಾಗದಲ್ಲಿಟ್ಟು ಮುಚ್ಚಳ ಹಾಕಿ ನಮ್ಮ ಕೈಗೆ ಕೊಡುತ್ತಿದ್ದರು. ವಾಪಸ್ ಕೇಳುವ ಜಗಳ ಮೊದಲ ಸಂಜೆಗೇ ನಿಂತಿತು.

ಆಮೇಲೆ ಆದದ್ದು

‘ಕದ್ದಿದ್ದಾರೆ’ ಅನ್ನುವ ಮಾತು ಎರಡು ವಾರದಲ್ಲಿ ಅಪರೂಪವಾಯಿತು. ಗಡಿಯಾರಗಳು ಅವರವರ ಕೋಣೆಯಲ್ಲೇ ಉಳಿದವು. ಔಷಧಿಯ ಮಾತು ಮತ್ತೆ ಬರಲಿಲ್ಲ. ರಾತ್ರಿ ಎದ್ದು ಓಡಾಡುವುದು ಮಾತ್ರ ಪೂರ್ತಿ ನಿಲ್ಲಲಿಲ್ಲ. ಪೆಟ್ಟಿಗೆ ಎಲ್ಲವನ್ನೂ ಸರಿ ಮಾಡಿತು ಅಂತ ಹೇಳಿದರೆ ಅದು ಸುಳ್ಳಾಗುತ್ತದೆ.

ಆರನೇ ವಾರದಲ್ಲಿ ಒಂದು ಎಡವಟ್ಟೂ ಆಯಿತು. ಬದಲಿಗೆ ಬಂದ ಒಬ್ಬರು ಪೆಟ್ಟಿಗೆ ತೆರೆಯದೆಯೇ ‘17’ ಅಂತ ಬರೆದರು. ಇದ್ದದ್ದು 16. ಸ್ಕ್ರೂಡ್ರೈವರ್ ಒಬ್ಬರ ಚಪ್ಪಲಿಯೊಳಗೆ ಸಿಕ್ಕಿತು, ಕಾಲು ಹಾಕುವ ಮೊದಲೇ ನೋಡಿದ್ದು ಪುಣ್ಯ. ಅಂದಿನಿಂದ ಅಂಕಿ ಬರೆಯುವ ಪದ್ಧತಿ ಬಿಟ್ಟೆವು. ಇಬ್ಬರು ಒಟ್ಟಿಗೆ ಮುಚ್ಚಳ ತೆಗೆದು ಖಾಲಿ ಆಕಾರ ಇದೆಯಾ ಅಂತ ನೋಡಬೇಕು. ಸುಳ್ಳು ಅಂಕಿ ಬರೆಯುವುದು ಸುಲಭ. ಖಾಲಿ ಗುರುತು ಕಣ್ಣಿಗೆ ಹೊಡೆಯುತ್ತದೆ.

ಮನೆಯ ನಿಯಮಗಳೂ ಬದಲಾದವು. ಸೆಲ್ ವಿಷಯದಲ್ಲಿ ಇನ್ನಷ್ಟು ಬಿಗಿ ಮಾಡಿದೆವು: ಸ್ಕ್ರೂ ಹಾಕಿ ಮುಚ್ಚಿದ ಬಾಗಿಲಿಲ್ಲದ ರಿಮೋಟು, ಗಡಿಯಾರ ಯಾರ ಕೋಣೆಗೂ ಬೇಡ. ಕಿವಿ ಮಿಷನ್ನಿಗೆ ಸೆಲ್ ಬಾಗಿಲು ಲಾಕ್ ಆಗುವ ಅಥವಾ ಚಾರ್ಜ್ ಮಾಡುವ ಮಾದರಿ. ಅದು ಆಗದವರಿಗೆ ಹಳೇ ಸೆಲ್ ಕೊಟ್ಟರೆ ಮಾತ್ರ ಹೊಸ ಸೆಲ್. ಉಳಿದ ವಸ್ತುಗಳಿಗೆ ಒಂದು ಹಾಳೆಯ ಪಟ್ಟಿಯ ಬದಲು ಬಂದ ದಿನವೇ ಕುಟುಂಬದ ಜೊತೆ ಕೂತು ಫೋಟೋ ತೆಗೆಯುವುದು, ಬರೆದುಕೊಳ್ಳುವುದು, ಮೂರು ತಿಂಗಳಿಗೊಮ್ಮೆ ನೋಡುವುದು. ‘ಇವರ ಕೈ ಯಾವ ಕೆಲಸ ಮಾಡಿದ ಕೈ? ಎಷ್ಟು ಹೊತ್ತಿಗೆ?’ ಅನ್ನುವ ಪ್ರಶ್ನೆ ಈಗ ಆ ಫಾರಂನ ಮೊದಲ ಪುಟದಲ್ಲಿದೆ. ಮತ್ತೊಂದು: ಯಾರಾದರೂ ಏನಾದರೂ ಕಳುವಾಗಿದೆ ಅಂದರೆ ಮೊದಲು ವಸ್ತುಪಟ್ಟಿ ತೆಗೆದು ಹುಡುಕಬೇಕು. ಹುಡುಕಿದ್ದು ಬರೆಯದೆ ‘ಭ್ರಮೆ’ ಅನ್ನುವ ಪದ ಬರೆಯುವಂತಿಲ್ಲ.

ನನಗೆ ಕೊನೆಗೂ ಕಷ್ಟ ಅನ್ನಿಸುವುದು ಅಮ್ಮನ ಕುಟುಂಬದ ನಿಲುವು. ಸ್ಕ್ರೂಡ್ರೈವರ್ ಯಾವ ರೂಪದಲ್ಲೂ ಬೇಡ ಅಂತ ಅವರು ಕೊನೆಯವರೆಗೂ ಹೇಳಿದರು. ಅಮ್ಮನ ಕೂರುವ ಜಾಗವನ್ನು ಹಾಲಿನ ಇನ್ನೊಂದು ತುದಿಗೆ ಬದಲಿಸಿದೆವು, ನಾಲ್ಕರಿಂದ ಆರರವರೆಗೆ ಅವರ ಜೊತೆ ಒಬ್ಬರನ್ನು ಇಟ್ಟೆವು. ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಅವರ ಜಾಗದಲ್ಲಿದ್ದರೆ ನನಗೂ ಆಗುತ್ತಿರಲಿಲ್ಲ.

ಪೆಟ್ಟಿಗೆ ಚಿಕ್ಕದಾದದ್ದು

ಶುರುವಿನಲ್ಲೇ ಮಗಳ ಜೊತೆ ಒಂದು ಮಾತು ಬರೆದಿಟ್ಟಿದ್ದೆವು. ಮೂರು ಗುರುತುಗಳಲ್ಲಿ ಯಾವುದು ಕಂಡರೂ ಪೆಟ್ಟಿಗೆಯನ್ನು ಮತ್ತೆ ಬಟ್ಟೆಯ ಮೇಲೆ ಸುರಿಯಬೇಕು: ಬಿಡಿ ಭಾಗ ಬಾಯಿಗೆ ಹೋಗುವುದು, ಉಪಕರಣ ಹಿಡಿದ ಕೈ ಬೇರೆಯವರ ಮುಖದ ಹತ್ತಿರ ಹೋಗುವುದು, ವಸ್ತುವನ್ನು ಅದರ ಜಾಗಕ್ಕೆ ಇಡಲು ಆಗದಿರುವುದು. ಎಂಟನೇ ತಿಂಗಳಲ್ಲಿ ಮೂರನೆಯದು ಕಂಡಿತು. ಚಿಮಟವನ್ನು ನೀರಿನ ಲೋಟದಲ್ಲಿಟ್ಟರು. ಅದರ ಆಕಾರದ ಮೇಲೆ ಬೆರಳಾಡಿಸಿ, ಏನು ಇಡಬೇಕು ಅಂತ ತಿಳಿಯದೆ ನನ್ನ ಮುಖ ನೋಡಿದರು.

ಚಿಮಟ ಮೊದಲು ಹೋಯಿತು. ಸ್ಕ್ರೂಡ್ರೈವರ್‌ಗಳು ಮೂರು ವಾರ ಆದ ಮೇಲೆ. ಒಂದೇ ಸಲ ಎಲ್ಲ ತೆಗೆಯಲಿಲ್ಲ, ಅವರಿಗೆ ಹೇಳದೆಯೂ ತೆಗೆಯಲಿಲ್ಲ. ‘ಇದನ್ನ ಮಗಳು ಮನೆಯಲ್ಲಿ ಜೋಪಾನವಾಗಿ ಇಡ್ತಾರೆ’ ಅಂತ ಅವರ ಕೈಯಿಂದಲೇ ಮಗಳ ಕೈಗೆ ಕೊಡಿಸಿದೆವು. ಒಪ್ಪಿದರೋ, ಅರ್ಥವಾಯಿತೋ, ಹೇಳಲಾರೆ. ಕೊಟ್ಟರು. ಕೊನೆಗೆ ಉಳಿದದ್ದು ಕಣ್ಣಿನ ಮಸೂರ ಮತ್ತು ಕೀ ಕೊಡುವ ಟೈಂಪೀಸ್.

ಪೆಟ್ಟಿಗೆ ತೀರಾ ಹಗುರವಾಗಿತ್ತು. ಖಾಲಿ ಪೆಟ್ಟಿಗೆ ಕೆಳಗಿಟ್ಟಿದ್ದ ದಿನ ಮಗಳಿಗೆ ನೆನಪಿತ್ತು. ಮುಂದಿನ ವಾರ ಬರುವಾಗ ಒಳಗಿನ ಬಟ್ಟೆಯ ಅಡಿಗೆ ದಪ್ಪ ಮರದ ಹಲಗೆ ಅಂಟಿಸಿ ತಂದರು. ನಾಲ್ಕು ಗಂಟೆಗೆ ಅದನ್ನು ಅವರ ಮುಂದಿಟ್ಟೆವು. ಎರಡೂ ಕೈಯಲ್ಲಿ ಎತ್ತಿದರು, ಮೆಲ್ಲಗೆ ಒಮ್ಮೆ ಅಲ್ಲಾಡಿಸಿದರು. ಆಮೇಲೆ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು.